ಮೂತ್ರಪಿಂಡ ಕಸಿ: ಜೀವಂತ ದಾನಿಯದೋ, ಮೃತ ದಾನಿಯದೋ?

ಬಾಳಿಕೆಯೊಂದನ್ನೇ ನೋಡಿದರೆ ಜೀವಂತ ದಾನಿಯ ಮೂತ್ರಪಿಂಡವೇ ಮೇಲು: ಅದು ಸಾಮಾನ್ಯವಾಗಿ 15ರಿಂದ 20 ವರ್ಷ ಕೆಲಸ ಮಾಡಿದರೆ, ಮೃತ ದಾನಿಯದು 10ರಿಂದ 15 ವರ್ಷ ಬಾಳುತ್ತದೆ. ಪೂರ್ಣ ತಪಾಸಣೆಗೆ ಒಳಗಾದ ಆರೋಗ್ಯವಂತರ ಅಂಗವು ಅಲ್ಪ ಸಮಯದಲ್ಲೇ ರೋಗಿಯ ದೇಹವನ್ನು ಸೇರುವುದು ಇದಕ್ಕೆ ಮುಖ್ಯ ಕಾರಣ. ಮೃತ ದಾನಿಯ ಅಂಗವಾದರೋ ರಕ್ತಸಂಚಾರವಿಲ್ಲದೆ ಹಲವು ಗಂಟೆ ಶೀತಲ ದ್ರಾವಣದಲ್ಲಿ ಇರಬೇಕಾಗುವುದರಿಂದ, ಕಸಿಯ ಮೊದಲ ವಾರದಲ್ಲಿ ಮತ್ತೆ ಡಯಾಲಿಸಿಸ್ ಬೇಕಾಗುವ ಸಂಭವ ಹೆಚ್ಚು. ಇದನ್ನು ಕಂಡು ಕಸಿ ಸೋತಿತೆಂದು ಮನೆಯವರು ಎದೆಗುಂದಬೇಕಿಲ್ಲ. ಇಂಥ ಬಹುಪಾಲು ಅಂಗಗಳು ಬಳಿಕ ಚೇತರಿಸಿಕೊಳ್ಳುತ್ತವೆ.

ಆದರೆ ಜೀವಂತ ದಾನವೆಂದರೆ ಆರೋಗ್ಯವಂತರೊಬ್ಬರಿಗೂ ಶಸ್ತ್ರಚಿಕಿತ್ಸೆ. ಅಮೆರಿಕದ ದೊಡ್ಡ ಅಧ್ಯಯನವೊಂದರಲ್ಲಿ, 90 ದಿನಗಳೊಳಗೆ ತೀರಿಕೊಂಡ ದಾನಿಗಳ ಪ್ರಮಾಣ 10,000ಕ್ಕೆ ಸುಮಾರು 3. ಅಪಾಯ ಅತಿ ಕಡಿಮೆಯೇ. ಆದರೂ ತಾಯಿಯೋ ಹೆಂಡತಿಯೋ ಕೊಟ್ಟೇ ಕೊಡುತ್ತಾಳೆಂದು ಕೇಳದೆಯೇ ನಿರ್ಧರಿಸುವುದನ್ನು ನಾನು ಒಪ್ಪಲಾರೆ.

ಕರ್ನಾಟಕದಲ್ಲಿ ಮೃತ ದಾನಿಗಳ ಅಂಗಕ್ಕಾಗಿ ಆಸ್ಪತ್ರೆಯ ಮೂಲಕ ರಾಜ್ಯದ ಅಂಗಾಂಗ ಹಂಚಿಕೆ ಸಂಸ್ಥೆಯಾದ ‘ಜೀವಸಾರ್ಥಕತೆ’ಯ ಸರದಿಯಲ್ಲಿ ನೋಂದಾಯಿಸಿಕೊಳ್ಳಬೇಕು, ಕಾಯುವುದು ವರ್ಷಗಟ್ಟಲೆ ಆಗಬಹುದು. ಡಯಾಲಿಸಿಸ್‌ನಲ್ಲಿ ಕಳೆಯುವ ಕಾಲ ಹೆಚ್ಚಿದಷ್ಟೂ ಕಸಿಯ ಫಲ ಕುಗ್ಗುವುದರಿಂದ, ಮನೆಯಲ್ಲಿ ಸೂಕ್ತ ದಾನಿ ಇಲ್ಲದವರು ಹೆಸರು ಬರೆಸಲು ತಡಮಾಡಬಾರದು.