ನಾಲ್ಕು ವರ್ಷ ಕುಡಿದ ಗಿಡಮೂಲಿಕೆ ಸಿರಪ್: ಗಂಟಲಿಗೆ ಹಿತ, ಬಿಪಿಗೆ ಅಲ್ಲ

ನಾಲ್ಕು ವರ್ಷದಿಂದ ಕೆಮ್ಮು ಬಂದಾಗಲೆಲ್ಲ ಒಂದೇ ಕಂಪನಿಯ ಗಿಡಮೂಲಿಕೆ ಸಿರಪ್ ಕುಡಿದಿದ್ದೇನೆ. ಆಡುಸೋಗೆ, ಜ್ಯೇಷ್ಠಮಧು, ಶುಂಠಿ, ತುಳಸಿ ಎಲ್ಲ ಸೇರಿದ ಕಪ್ಪು ಪಾಕ. ಕಂಪನಿ ಹೆಸರು ಬೇಡ ಬಿಡಿ.

ಮೊದಲು ಖುಷಿಯ ಮಾತು. ಮಲಗುವ ಮುಂಚೆ ಬಾಟಲಿಯನ್ನು ಬಿಸಿನೀರಿನ ಲೋಟದಲ್ಲಿ ತಲೆಕೆಳಗಾಗಿ ನಿಲ್ಲಿಸುತ್ತೇನೆ. ಅಂಟಿಕೊಂಡ ಮುಚ್ಚಳ ಆಗ ಮಾತ್ರ ತಿರುಗುತ್ತದೆ. ಒಂದು ಚಮಚ ಬಾಯಿಗೆ ಹಾಕಿ ತಕ್ಷಣ ನುಂಗಬಾರದು. ಮೊದಲು ಸಿಹಿ, ಆಮೇಲೆ ಆಡುಸೋಗೆಯ ಕಹಿ, ಕೊನೆಗೆ ಶುಂಠಿಯ ಖಾರ. ಗಂಟಲ ಕೆರೆತ ಅಲ್ಲೇ ತಣ್ಣಗಾಗುತ್ತದೆ. ಇದರಲ್ಲಿ ಮೂಲಿಕೆಯ ಪಾಲೆಷ್ಟೋ! ಗಟ್ಟಿ ಸಿಹಿ ಪಾಕ ಏನೇ ಇರಲಿ, ಗಂಟಲಿಗೆ ಸವರಿದರೆ ಸ್ವಲ್ಪ ಹಿತವೇ.

ಆಡುಸೋಗೆಯನ್ನು ಸುಮ್ನೆ ತಳ್ಳಿಹಾಕುವ ಹಾಗಿಲ್ಲ. ಅದರಲ್ಲಿರುವ ವಾಸಿಸಿನ್ ಅನ್ನೋ ಅಂಶದ ಜಾಡು ಹಿಡಿದೇ ಕಫ ತೆಳುವಾಗಿಸುವ ಬ್ರೋಮ್‌ಹೆಕ್ಸಿನ್ ಮಾತ್ರೆ ಬಂದದ್ದು. ಆದರೆ ನನ್ನ ಬಾಟಲಿಯ ಒಂದು ಚಮಚದಲ್ಲಿ ವಾಸಿಸಿನ್ ಎಷ್ಟಿದೆ ಅಂತ ಎಲ್ಲೂ ಬರೆದಿಲ್ಲ. 'ಬೇಗ ವಾಸಿ' ಅಂತ ಮಾತ್ರ ದಪ್ಪ ಅಕ್ಷರದಲ್ಲಿದೆ. ನೆಗಡಿಯ ಕೆಮ್ಮು ಸರಾಸರಿ 18 ದಿನ ಇದ್ದು ತಾನಾಗೇ ಹೋಗುತ್ತದೆ. ಹೋಗುವ ಹೊತ್ತಿಗೆ ಕೈಯಲ್ಲಿ ಯಾವ ಬಾಟಲಿ ಇದೆಯೋ ಅದಕ್ಕೆ ಹೆಸರು ಬರುತ್ತದೆ, ಅಲ್ವಾ?

ಸಿಟ್ಟು ಬಂದದ್ದು ಅದಕ್ಕಲ್ಲ. ನಾನು ಬಿಪಿ ಮಾತ್ರೆ ನುಂಗುವವನು. ಕಳೆದ ಸಲ ಕೆಮ್ಮು ಹೋದ ಮೇಲೂ ರುಚಿಗೋಸ್ಕರ ಆರು ವಾರ ಕುಡಿದೆ, ದಿನಕ್ಕೆ ಮೂರು ಸಲ. ಸಂಜೆ ಸಾಕ್ಸ್ ತೆಗೆದರೆ ಕಾಲಲ್ಲಿ ಅಚ್ಚು ಬೀಳತೊಡಗಿತು. ಬಿಪಿ ನೋಡಿದ ಡಾಕ್ಟರು, "ಬೇರೆ ಏನಾದ್ರೂ ತಗೋತಿದ್ದೀರಾ?" ಅಂದರು. "ಏನಿಲ್ಲ ಡಾಕ್ಟ್ರೇ" ಅಂದೆ. ಸಿರಪ್ಪು ನನ್ನ ಲೆಕ್ಕಕ್ಕೇ ಬಂದಿರಲಿಲ್ಲ! ಜ್ಯೇಷ್ಠಮಧುವಿನಲ್ಲಿರುವ ಗ್ಲಿಸಿರೈಜಿನ್ ಅನ್ನೋ ಅಂಶ ಜಾಸ್ತಿಯಾದರೆ ಮೈಯಲ್ಲಿ ಉಪ್ಪು, ನೀರು ನಿಲ್ಲುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ, ಬಿಪಿ ಏರುತ್ತದೆ. ಸಿರಪ್ ಬಿಟ್ಟ ಮೇಲೆ ನನ್ನ ಬಿಪಿ ಇಳಿಯಿತು. ಇಷ್ಟು ದೊಡ್ಡ ಲೇಬಲ್ಲಿನಲ್ಲಿ ಬಿಪಿಯವರಿಗೆ ಒಂದು ಸಾಲು ಬರೆಯಲು ಜಾಗ ಇರಲಿಲ್ಲವೇ?

ಈಗ ಬರೀ ಜೇನುತುಪ್ಪ. ಖರ್ಚೂ ಕಡಿಮೆ, ಸಾಕ್ಷಿಯೂ ಇದಕ್ಕೇ ಜಾಸ್ತಿ. 2007ರಲ್ಲಿ ಅಮೆರಿಕದಲ್ಲಿ 105 ಮಕ್ಕಳ ಮೇಲೆ ಪರೀಕ್ಷೆ ನಡೆದಿತ್ತು. ಮಲಗುವ ಮುಂಚೆ ಜೇನು ತಿಂದವರು, ಏನೂ ತಗೊಳ್ಳದವರಿಗಿಂತ ರಾತ್ರಿ ಕಡಿಮೆ ಕೆಮ್ಮಿದರು ಅಂತ ಅಪ್ಪ ಅಮ್ಮಂದಿರು ಹೇಳಿದರು. ಒಂದು ವರ್ಷದೊಳಗಿನ ಮಗುವಿಗೆ ಮಾತ್ರ ಜೇನು ಬೇಡವೇ ಬೇಡ, ಬಾಟ್ಯುಲಿಸಂ ಅನ್ನೋ ವಿಷಬಾಧೆಯ ಅಪಾಯ ಇದೆ.

ಸಿರಪ್ಪಿಗೆ ಐದರಲ್ಲಿ ಎರಡು ಸ್ಟಾರ್. ಎರಡೂ ರುಚಿಗೆ.