ಬ್ಯಾಟರಿ ಕಾಫಿ ಕುಯ್ಯುವ ಮಷೀನ್: ರೋಬಸ್ಟಾಗೆ ಸೈ, ಅರೇಬಿಕಾಗೆ ಬೇಡ

ಐದರಲ್ಲಿ ಮೂರು ಸ್ಟಾರ್. ಅದೂ ರೋಬಸ್ಟಾ ಇರುವವರಿಗೆ ಮಾತ್ರ.

ನಮ್ಮದು ಕೊಡಗಿನ ಸುಂಟಿಕೊಪ್ಪದ ಹತ್ತಿರ ಸಣ್ಣ ಕಾಫಿ ತೋಟ. ಕಾಫಿಯ ಎರಡೂ ಜಾತಿ ಇವೆ: ಮೇಲೆ ಅರೇಬಿಕಾ, ಕೆಳಗೆ ರೋಬಸ್ಟಾ. ಕುಯ್ಲಿನ ಹೊತ್ತಿಗೆ ಆಳು ಸಿಗುವುದಿಲ್ಲ. ಪಕ್ಕದ ತೋಟದಲ್ಲಿ ಕೆಜಿಗೆ ಒಂದು ರೂಪಾಯಿ ಜಾಸ್ತಿ ಅಂದರೆ ಅಸ್ಸಾಂನಿಂದ ಬಂದವರು ಅಲ್ಲಿಗೆ ಹೋಗುತ್ತಾರೆ. ತಪ್ಪೇನು, ನಾನಾದರೂ ಹೋಗುತ್ತಿದ್ದೆ. ಅದಕ್ಕೇ ಮಷೀನ್ ತಂದೆ.

ಬೆನ್ನಿಗೆ ಬ್ಯಾಟರಿ, ಉದ್ದ ಕೋಲು, ತುದಿಯಲ್ಲಿ ಅದುರುವ ಬೆರಳುಗಳು. ಎಲ್ಲವೂ ಹಳೆಯ ಸಾಮಾನೇ, ಜೋಡಿಸಿದ್ದಷ್ಟೇ ಹೊಸದು. ತಂತ್ರಜ್ಞಾನ ಹುಟ್ಟುವುದೇ ಹಾಗೆ ಅಂತ ಅರ್ಥಶಾಸ್ತ್ರಜ್ಞ ಬ್ರಯಾನ್ ಆರ್ಥರ್ ಹೇಳುತ್ತಾರೆ. ಎಂಎ ಮಾಡುವಾಗ ಸುಮ್ನೆ ಉರು ಹೊಡೆದಿದ್ದೆ.

ರೋಬಸ್ಟಾ ಚೆನ್ನಾಗಿ ಮಾಗಿದ್ದರೆ ಹಣ್ಣು ಸರಸರ ಉದುರುತ್ತದೆ. ಅರೇಬಿಕಾದಲ್ಲಿ ಒಂದೇ ಗೊಂಚಲಲ್ಲಿ ಹಣ್ಣೂ ಇರುತ್ತದೆ, ಕಾಯಿಯೂ ಇರುತ್ತದೆ, ಅಲ್ವಾ? ನಮ್ಮ ಹೆಂಗಸರು ಮಾತಾಡುತ್ತಲೇ ಹಣ್ಣನ್ನಷ್ಟೇ ಬಿಡಿಸುತ್ತಾರೆ. ಮಷೀನ್ ಎರಡನ್ನೂ ಉದುರಿಸುತ್ತದೆ. ಆಮೇಲೆ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್‌ಗೆ ಹಾಕುವ ಮೊದಲು ಹಸಿರು ಕಾಯಿ ಆರಿಸುತ್ತಾ ಕೂರಬೇಕು. ಅರ್ಥಶಾಸ್ತ್ರಜ್ಞರಾದ ಡೇವಿಡ್ ಆಟರ್, ಫ್ರಾಂಕ್ ಲೆವಿ, ರಿಚರ್ಡ್ ಮರ್ನೇನ್ 2003ರಲ್ಲಿ ಕಂಪ್ಯೂಟರ್ ಬಗ್ಗೆ ಬರೆದದ್ದು ತೋಟಕ್ಕೂ ಹೊಂದುತ್ತದೆ. ಉದ್ಯೋಗವನ್ನು ಇಡಿಯಾಗಿ ನೋಡಬೇಡಿ, ಅದರೊಳಗಿನ ಕೆಲಸಗಳನ್ನು ಬಿಡಿಸಿ ನೋಡಿ ಅಂತಾರೆ ಅವರು. ಹೀಗೇ ಮಾಡು ಅಂತ ನಿಯಮ ಹಾಕಿ ಹೇಳಬಹುದಾದದ್ದು ಯಂತ್ರಕ್ಕೆ ಸುಲಭ, ಉಳಿದದ್ದು ಕಷ್ಟ.

ಆಳು ಉಳಿಯಿತಾ? ಸ್ವಲ್ಪ. ಒಬ್ಬ ಮಷೀನ್ ಹಿಡಿಯಬೇಕು, ಇಬ್ಬರು ಟಾರ್ಪಲ್ ಎಳೆಯಬೇಕು, ಎಲೆ ಕಸ ತೆಗೆಯಲು ಇನ್ನೊಬ್ಬರು. ಡಾರನ್ ಅಸೆಮೊಗ್ಲು ಮತ್ತು ಪಾಸ್ಕುವಲ್ ರೆಸ್ಟ್ರೆಪೊ ಅನ್ನುವ ಅರ್ಥಶಾಸ್ತ್ರಜ್ಞರು ಒಂದು ಜಾತಿಯ ಯಂತ್ರಗಳ ಬಗ್ಗೆ ಎಚ್ಚರಿಸುತ್ತಾರೆ: ಜನರನ್ನು ತೆಗೆಯುತ್ತವೆ, ಆದರೆ ಲಾಭ ಅಷ್ಟಕ್ಕಷ್ಟೇ. ಸೂಪರ್‌ಮಾರ್ಕೆಟ್‌ನಲ್ಲಿ ಗಿರಾಕಿಯೇ ಬಿಲ್ ಮಾಡಿಕೊಳ್ಳುವ ಮಷೀನ್ ಅವರ ಉದಾಹರಣೆ. ನನ್ನದು ಅದರ ಪಕ್ಕದಲ್ಲೇ ಕೂರುತ್ತದೆ. ಇನ್ನೊಂದು ವಿಷಯ. ಮಷೀನ್ ಹುಡುಗರ ಕೈಗೆ ಹೋಯಿತು, ಕೂಲಿಯೂ ಜಾಸ್ತಿಯಾಯಿತು. ಕೆಜಿ ಲೆಕ್ಕದಲ್ಲಿ ಚೆನ್ನಾಗಿ ದುಡಿಯುತ್ತಿದ್ದ ಹೆಂಗಸರು ಕಸ ಆರಿಸಲು ಕೂತರು. ಅವರ ಕೂಲಿಯನ್ನೂ ಹುಡುಗರದ್ದಕ್ಕೆ ಸಮ ಮಾಡಿದೆ, ಇಲ್ಲದಿದ್ದರೆ ಅವರೂ ಪಕ್ಕದ ತೋಟಕ್ಕೆ!

ಬ್ಯಾಟರಿ ಮಧ್ಯಾಹ್ನದ ಊಟದವರೆಗೆ ಬರುತ್ತದೆ. ಬೆರಳು ಮುರಿದರೆ ಬಿಡಿಭಾಗಕ್ಕೆ ಕಾಯಬೇಕು. ಕುಯ್ಲು ತಡವಾದರೆ ಮುಂದಿನ ಹೂವಿನ ಮೊಗ್ಗೂ ಉದುರುತ್ತದೆ, ಹುಷಾರು. ಕೊಳ್ಳುವ ಮೊದಲು ಬಾಡಿಗೆಗೆ ತಂದು ನಿಮ್ಮ ರೋಬಸ್ಟಾದಲ್ಲಿ ಒಂದು ಸಾಲು ಕುಯ್ಸಿ ನೋಡಿ.