ಸಂಪು, ಟ್ಯಾಂಕ್ ಕ್ಲೀನಿಂಗ್ ಸರ್ವೀಸ್: ಚೆನ್ನಾಗಿ ತಿಕ್ಕಿಸಿ, ಯುವಿ ಲೈಟ್ ಬೇಡ ಅನ್ನಿ

ಬೆಂಗಳೂರಿನ ಬನಶಂಕರಿಯಲ್ಲಿರುವ ನಮ್ಮ ಮನೆಯ ಸಂಪು, ಮೇಲಿನ ಸಿಂಟೆಕ್ಸ್ ಟ್ಯಾಂಕ್ ಎರಡನ್ನೂ ಹೋದ ಭಾನುವಾರ ಏರಿಯಾದ ಒಂದು ಸರ್ವೀಸಿನವರಿಂದ ಕ್ಲೀನ್ ಮಾಡಿಸಿದೆವು. ಒಟ್ಟು 1,800 ರೂಪಾಯಿ. ಕೊಟ್ಟ ದುಡ್ಡಿಗೆ ಮೋಸವಿಲ್ಲ. ಆದರೆ ಅವರು ಜಾಹೀರಾತಿನಲ್ಲಿ ದೊಡ್ಡದಾಗಿ ಹಾಕುವ ಯುವಿ (ಅತಿನೇರಳೆ ಬೆಳಕು) ಟ್ರೀಟ್‌ಮೆಂಟ್‌ನಿಂದ ಆದ ಲಾಭ ಕಮ್ಮಿ, ಹೆಸರೇ ಎತ್ತದ ಬ್ರಷ್ ಕೆಲಸದಿಂದ ಆದದ್ದು ಜಾಸ್ತಿ.

ಬಂದ ಇಬ್ಬರು ಹುಡುಗರು ನೀರು ಖಾಲಿ ಮಾಡಿ, ಮುಚ್ಚಳ ತೆಗೆದು ಸುಮಾರು ಹೊತ್ತು ಗಾಳಿಯಾಡಲು ಬಿಟ್ಟರು. ಒಬ್ಬ ಇಳಿದ, ಇನ್ನೊಬ್ಬ ಮೇಲೆಯೇ ನಿಂತು ಅವನನ್ನು ಮಾತಾಡಿಸುತ್ತಲೇ ಇದ್ದ. ಇದು ನನಗೆ ತುಂಬಾ ಹಿಡಿಸಿತು, ಮುಚ್ಚಿದ ಸಂಪಿನಲ್ಲಿ ಆಮ್ಲಜನಕ ಕಮ್ಮಿಯಿದ್ದರೆ ಇಳಿದವರ ಜೀವಕ್ಕೇ ಅಪಾಯ. ತಳದ ಕೆಸರು ಎತ್ತಿ ಹಾಕಿ, ಗೋಡೆಯನ್ನೆಲ್ಲ ಗಟ್ಟಿ ಬ್ರಷ್‌ನಲ್ಲಿ ತಿಕ್ಕಿದರು. ಮೂಲೆಗಳಲ್ಲಿ, ಪೈಪಿನ ಸುತ್ತ, ನೀರು ನಿಲ್ಲುವ ಗೆರೆಯಲ್ಲಿ ಕೈಯಾಡಿಸಿದರೆ ಜಾರುವ ಲೋಳೆ ಇರುತ್ತದಲ್ಲ, ಅದು ಬ್ಯಾಕ್ಟೀರಿಯಾಗಳು ತಾವೇ ಅಂಟು ಸುರಿಸಿ ಕಟ್ಟಿಕೊಂಡ ಪದರ. ಅದರೊಳಗೆ ಕೂತವಕ್ಕೆ ಕ್ಲೋರಿನ್ ಸುಲಭವಾಗಿ ತಟ್ಟುವುದಿಲ್ಲ. ಅದೂ ಅಲ್ಲದೆ ಕೆಸರು, ಪಾಚಿ ಏನು ಸಿಕ್ಕಿದರೂ ಕ್ಲೋರಿನ್ ಅದರ ಮೇಲೆಯೇ ಖರ್ಚಾಗಿಬಿಡುತ್ತದೆ. ತಿಕ್ಕದೆ ಸುಮ್ನೆ ಬ್ಲೀಚಿಂಗ್ ಪೌಡರ್ ಎರಚಿ ಹೋಗುವವರಿಗೆ ದುಡ್ಡು ಕೊಡಬೇಡಿ.

ತೊಳೆದ ಮೇಲೆ ಗೋಡೆಗೆಲ್ಲ ಕ್ಲೋರಿನ್ ನೀರು ಹೊಡೆದರು. ಇಲ್ಲಿ ಅವಸರ ಮಾಡಿದರು. ಹತ್ತು ನಿಮಿಷಕ್ಕೇ ತೊಳೆಯಲು ಹೊರಟಿದ್ದರು, ನಮ್ಮ ಅತ್ತೆ ತಡೆದು, ಕಾಫಿ ಕೊಟ್ಟು ಕೂರಿಸಿದರು. ಕ್ಲೋರಿನ್ ಕೆಲಸ ಮಾಡಲು ಅರ್ಧ ಗಂಟೆಯಾದರೂ ಬೇಕು. ನಡುವೆ ಒಬ್ಬ, ಕಲೆ ಹೋಗಲು ಆಸಿಡ್ ಹಾಕೋಣವಾ ಮೇಡಂ ಅಂದ. ಬೇಡವೇ ಬೇಡ ಅಂದೆ. ಆಸಿಡ್ಡು, ಬ್ಲೀಚಿಂಗು ಸೇರಿದರೆ ವಿಷದ ಗ್ಯಾಸ್ ಏಳುತ್ತದೆ.

ಇನ್ನು ಯುವಿ. ಕೋಲಿಗೆ ಕಟ್ಟಿದ ಟ್ಯೂಬನ್ನು ಒಳಗೆ ಒಂದು ಸುತ್ತು ಆಡಿಸಿ, ವಿಡಿಯೋ ಮಾಡಿಕೊಂಡು, ತೆಗೆದೇಬಿಟ್ಟರು. ಬಿಲ್ಲಿನಲ್ಲಿ ಇದಕ್ಕೇ 300 ರೂಪಾಯಿ! ಯುವಿ ಸುಳ್ಳು ಅಂತ ನಾನು ಹೇಳುತ್ತಿಲ್ಲ. 254 ನ್ಯಾನೋಮೀಟರ್ ಆಸುಪಾಸಿನ ತರಂಗಾಂತರದ ಬೆಳಕು ಬ್ಯಾಕ್ಟೀರಿಯಾದ ಡಿಎನ್‌ಎ ಕೆಡಿಸುತ್ತದೆ, ಆಮೇಲೆ ಅವು ಹೆಚ್ಚಲಾರವು, ಅಡುಗೆಮನೆಯ ಫಿಲ್ಟರ್‌ನಲ್ಲಿ ಲೈಟಿನ ಪಕ್ಕದಲ್ಲೇ ಹರಿಯುವ ತಿಳಿ ನೀರಿಗೆ ಅದು ಚೆನ್ನಾಗಿಯೇ ಆಗುತ್ತದೆ. ಆದರೆ ಬೆಳಕು ನೇರವಾಗಿ, ಸಾಕಷ್ಟು ಹೊತ್ತು ಬೀಳಬೇಕು. ನೆರಳಲ್ಲಿದ್ದವಕ್ಕೆ ಏನೂ ಆಗುವುದಿಲ್ಲ. ಲೈಟ್ ಆರಿಸಿದ ಮೇಲೆ ನೀರಿನಲ್ಲಿ ಏನೂ ಉಳಿಯುವುದೂ ಇಲ್ಲ.

ಆದರೆ ನೀರಿನಲ್ಲಿ ಉಳಿದು ಆಮೇಲೂ ಕಾಯುವ ಕ್ಲೋರಿನ್ ಬೇಕೇ ಬೇಕು. ಕಾವೇರಿ ನೀರು ಟಿ.ಕೆ. ಹಳ್ಳಿಯ ಶುದ್ಧೀಕರಣ ಘಟಕದಲ್ಲಿ ಶುದ್ಧವಾಗಿ ಸುಮಾರು 100 ಕಿಲೋಮೀಟರ್ ದಾಟಿ ಬರುತ್ತದೆ. ಕುಡಿಯುವ ನೀರಿನಲ್ಲಿ ಲೀಟರ್‌ಗೆ 0.2 ಮಿಲಿಗ್ರಾಂ ಆದರೂ ಕ್ಲೋರಿನ್ ಉಳಿದಿರಬೇಕು ಅನ್ನುತ್ತದೆ ದೇಶದ ಗುಣಮಟ್ಟ ಗೊತ್ತುಮಾಡುವ ಸಂಸ್ಥೆ ಬಿಐಎಸ್. ಸಂಪಿನಲ್ಲಿ ದಿನಗಟ್ಟಲೆ ನಿಂತರೆ ಅದೂ ಕರಗುತ್ತಾ ಹೋಗುತ್ತದೆ. ಬೋರ್ ನೀರು, ಟ್ಯಾಂಕರ್ ನೀರಿನಲ್ಲಿ ಅಷ್ಟು ಇದೆ ಅಂತ ನಂಬಿ ಕೂರುವ ಹಾಗೇ ಇಲ್ಲ.

ಸಿಂಟೆಕ್ಸ್ ಮುಚ್ಚಳ ಸೀಳು ಬಿಟ್ಟು, ಬೆಳಕು ಬಿದ್ದು ಒಳಗೆ ಪಾಚಿ ಕಟ್ಟಿದ್ದನ್ನು ಹುಡುಗರೇ ತೋರಿಸಿದರು. ಹೊಸ ಮುಚ್ಚಳ ಹಾಕಿಸಿದೆವು. ಮುಂದಿನ ಸಲವೂ ಇವರನ್ನೇ, ಆದರೆ ಇದೇ ಇಬ್ಬರು ಹುಡುಗರು ಬರಬೇಕು ಅಂತ ಹೇಳಿ, ಯುವಿ ಬಿಟ್ಟು ಬುಕ್ ಮಾಡುತ್ತೇವೆ.